ಅಮರಿಲ್ಲಿಸ್ ಗಡ್ಡೆ ಇನ್ನೂ ಚಿಗುರಿಲ್ಲ ಅಂದ್ಯಲ್ಲ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆನೇ ನೋಡ್ದೆ. ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೇ ಮಾತಾಡಿ ಕಳಿಸ್ತಾ ಇದೀನಿ. ಕೆಲಸ ಮಾಡ್ತಾ ಮಾಡ್ತಾನೇ ಕೇಳಿಸ್ಕೋ. ಅಮರಿಲ್ಲಿಸ್ ಗಡ್ಡೆ ನೆಟ್ಟು ಮೂರು ವಾರ ಆಯ್ತು, ದಿನಾ ನೀರು ಹಾಕ್ತಿದೀನಿ, ಚಿಗುರೇ ಇಲ್ಲ, ಗೊಬ್ಬರ ಹಾಕ್ಲಾ ದೊಡ್ಡಮ್ಮ ಅಂತ ಕೇಳಿದೀಯ. ಗೊಬ್ಬರ ಬೇಡಮ್ಮ. ನೀರನ್ನೂ ಇವತ್ತೇ ನಿಲ್ಸು.

ಫೋಟೋ ದೊಡ್ಡದು ಮಾಡಿ ನೋಡ್ದೆ. ಗಡ್ಡೆ ಪೂರ್ತಿ ಮಣ್ಣೊಳಗೆ ಹೂತುಹೋಗಿದೆ, ಕುಂಡನೂ ಬಕೆಟ್ಟಿನಷ್ಟಿದೆ. ಈ ಗಡ್ಡೆ ಮೂರರಲ್ಲೊಂದು ಪಾಲು ಮಣ್ಣಿಂದ ಮೇಲೆ ಕಾಣ್ತಾ ಇರ್ಬೇಕು. ಸುತ್ತ ಎರಡು ಬೆರಳು ಜಾಗ ಬಿಡೋಷ್ಟು ಕುಂಡ ಸಾಕು. ದೊಡ್ಡ ಕುಂಡ ಆದ್ರೆ ಮಣ್ಣು ಜಾಸ್ತಿ. ಬೇರು ಇನ್ನೂ ಸರಿಯಾಗಿ ಹಿಡಿದಿರಲ್ಲ, ಹಾಕಿದ ನೀರನ್ನ ಕುಡಿಯೋರಿಲ್ಲ, ತಳ ಕೊಳೆಯೋಕೆ ಶುರುವಾಗುತ್ತೆ.

ನನ್ನ ಮೊದಲನೇ ಗಡ್ಡೆ ಹೋಗಿದ್ದು ಹೀಗೇನೇ. ಮೇಲಿಂದ ಗಟ್ಟಿಯಾಗಿತ್ತು, ಕಂದು ಸಿಪ್ಪೆ ಚೆನ್ನಾಗೇ ಕಾಣ್ತಿತ್ತು. ಎತ್ತಿದ್ರೆ ತಳ ಮೆತ್ತಗಾಗಿ ಕಳಚಿ ಬಂತು, ಹುಳಿ ವಾಸನೆ ಬೇರೆ. ಚಾಕುನಲ್ಲಿ ಸೀಳಿದೆ. ಬಿಳೀ ಪದರಗಳ ನಡುವೆ ಕಿರುಬೆರಳ ತುದಿಯಷ್ಟು ಮೊಗ್ಗು ಇತ್ತು ಪುಟ್ಟಿ. ಎಷ್ಟು ಸಂಕಟ ಆಯ್ತು ಗೊತ್ತಾ ನಂಗೆ. ಅವತ್ತೇ ಅರ್ಥ ಆಗಿದ್ದು, ಗಡ್ಡೆ ನಮ್ಮ ಕೈಗೆ ಬರೋ ಹೊತ್ತಿಗೆ ಈ ವರ್ಷದ ಹೂ ಅದರೊಳಗೆ ಆಗ್ಲೇ ತಯಾರಾಗಿರುತ್ತೆ ಅಂತ. ಅದಕ್ಕೆ ಬೇಕಿರೋ ಊಟನೂ ಒಳಗೇ ಇರುತ್ತೆ.

ಹಾಗಾಗಿ ನಾಳೆ ಬೆಳಿಗ್ಗೆ ಗಡ್ಡೆ ಎತ್ತಿ ತಳ ಒತ್ತಿ ನೋಡು. ಗಟ್ಟಿ ಇದ್ರೆ ತಳದಲ್ಲಿ ತೂತಿರೋ ಚಿಕ್ಕ ಕುಂಡಕ್ಕೆ ಹಾಕಿ, ಒಂದೇ ಸಲ ಚೆನ್ನಾಗಿ ನೀರು ಕೊಟ್ಟು, ಪೂರ್ತಿ ಬಸಿದುಹೋಗೋಕೆ ಬಿಡು. ಆಮೇಲೆ ಬೆರಳು ಚುಚ್ಚಿ ನೋಡಿ, ಮೇಲಿನ ಒಂದಿಂಚು ಒಣಗಿದ್ರೆ ಮಾತ್ರ ನೀರು, ಅದೂ ಪಕ್ಕದಿಂದ. ಗಡ್ಡೆಯ ಕುತ್ತಿಗೆ, ಅಂದ್ರೆ ಚಿಗುರು ಬರೋ ತುದಿ ಮೇಲೆ ಸುರೀಬೇಡ. ಚೆನ್ನಾಗಿ ಬೆಳಕು ಬರೋ ಕಿಟಕಿ ಹತ್ರ ಇಡು, 20 ಡಿಗ್ರಿ ಆಸುಪಾಸು ಇದ್ರೆ ಅದಕ್ಕೆ ಹಿತ. ನೆಟ್ಟಲ್ಲಿಂದ ಹೂ ಬಿಡೋಕೆ ಸಾಮಾನ್ಯವಾಗಿ 6ರಿಂದ 8 ವಾರ, ಕೆಲವು ಇನ್ನೂ ಸ್ವಲ್ಪ ತಡ. ಮೂರು ವಾರಕ್ಕೆಲ್ಲ ಗಾಬರಿ ಆಗ್ಬೇಡ.

ಚಿಗುರು ಬಂದಾಗ ಹತ್ರದಿಂದ ನೋಡು. ಚಪ್ಪಟೆಯಾಗಿದ್ರೆ ಎಲೆ. ದಪ್ಪಗೆ, ತುದಿ ಉಬ್ಬಿಕೊಂಡು ಬಂದ್ರೆ ಹೂವಿನ ದಂಟು. ಮೊದಲು ಎಲೆನೇ ಬಂತು ಅಂತ ಆಸೆ ಬಿಡ್ಬೇಡ, ಕೆಲವು ಸಲ ಹಿಂದಿಂದ ದಂಟು ಬರುತ್ತೆ. ದಂಟು ಬೆಳಕಿನ ಕಡೆ ವಾಲುತ್ತೆ, ಎರಡು ದಿನಕ್ಕೊಮ್ಮೆ ಕುಂಡ ಸ್ವಲ್ಪ ತಿರುಗಿಸ್ತಾ ಇರು. ಒಳಗೆ ಟೊಳ್ಳು, ಮೇಲೆ ಮೂರು ನಾಲ್ಕು ದೊಡ್ಡ ಹೂ, ಭಾರಕ್ಕೆ ಬಾಗುತ್ತೆ, ಒಂದು ಕಡ್ಡಿ ಆಸರೆ ಕೊಡು. ಹೂ ಅರಳಿದ ಮೇಲೆ ಬಿಸಿಲಿಂದ ಸರಿಸಿ ತಂಪಾದ ಜಾಗದಲ್ಲಿಟ್ರೆ ಹೆಚ್ಚು ದಿನ ನಿಲ್ಲುತ್ತೆ.

ಈಗ ಮುಖ್ಯವಾದ್ದು. ಹೂ ಬಾಡಿದ ಮೇಲೆ ದಂಟು ಮಾತ್ರ ಕತ್ತರಿಸು, ಎಲೆ ಮುಟ್ಬೇಡ. ನಾನು ಇನ್ನೊಂದು ಗಡ್ಡೆಗೆ ಎಲೆನೂ ಸವರಿಬಿಟ್ಟಿದ್ದೆ, ಮಾರನೇ ವರ್ಷ ಹೂವೇ ಬರ್ಲಿಲ್ಲ. ಗಡ್ಡೆ ಸುಮಾರು ನಾಲ್ಕು ಎಲೆ ಬಿಟ್ಟಮೇಲೆ ಒಳಗೆ ಒಂದು ಮೊಗ್ಗು ಕಟ್ಟುತ್ತೆ. ಅಂದ್ರೆ ಎಲೆ ಎಷ್ಟು ಚೆನ್ನಾಗಿ ಬೆಳೀತೋ ಮುಂದಿನ ಹೂ ಅಷ್ಟು ಗ್ಯಾರಂಟಿ. ನೀನು ಕೇಳಿದ ಗೊಬ್ಬರ ಹಾಕೋ ಕಾಲ ಅದು. ತಿಂಗಳುಗಟ್ಲೆ ಬಿಸಿಲು, ನೀರು, ಗೊಬ್ಬರ ಕೊಟ್ಟು ಬೆಳೆಸು. ಆಮೇಲೆ ನೀರು ನಿಲ್ಸಿ, 10–13 ಡಿಗ್ರಿಯಷ್ಟು ತಂಪಿರೋ ಕಡೆ 8–10 ವಾರ ಮಲಗಿಸ್ಬೇಕು. ಅದನ್ನ ಆಗ ಮತ್ತೆ ಹೇಳ್ತೀನಿ.

ಹಾಂ, ಇದರ ಬಗ್ಗೆ ಹುಡುಕ್ವಾಗ ಒಂದು ನೆನಪಿಟ್ಕೋ. ನಾವು ಅಮರಿಲ್ಲಿಸ್ ಅನ್ನೋದು ಸಸ್ಯಶಾಸ್ತ್ರದಲ್ಲಿ ಹಿಪ್ಪಿಯಾಸ್ಟ್ರಮ್, ದಕ್ಷಿಣ ಅಮೆರಿಕದ್ದು. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕಾದ್ದು, ಎಲೆಯೆಲ್ಲ ಒಣಗಿದ ಮೇಲೆ ಬರೀ ದಂಟಲ್ಲಿ ಹೂ ಬಿಡುತ್ತೆ. ಅದರ ಸಲಹೆ ಓದಿ ಇದಕ್ಕೆ ಮಾಡಿದ್ರೆ ಎಡವಟ್ಟಾಗುತ್ತೆ.

ಮತ್ತೆ ನಿನ್ನ ಬೆಕ್ಕು! ಗಡ್ಡೆಯಲ್ಲಿ ಲೈಕೋರಿನ್ ಅನ್ನೋ ವಿಷ ಇದೆ, ಕಚ್ಚಿದ್ರೆ ವಾಂತಿ ಆಗುತ್ತೆ. ಎಲೆ, ಹೂವೂ ಒಳ್ಳೇದಲ್ಲ. ನೋಡೋಕೆ ಈರುಳ್ಳಿ ಥರಾನೇ ಇರೋದ್ರಿಂದ ಮಗು ಕೈಗೂ ಸಿಗದ ಹಾಗೆ ಇಡು.

ನಾಳೆ ತಳದ್ದೊಂದು ಫೋಟೋ ಹಾಕು, ಕಿಟಕಿ ಬೆಳಕಲ್ಲಿ ತೆಗಿ. ಸ್ವಲ್ಪ ಮೆತ್ತಗಿದ್ರೂ ಎಸೀಬೇಡ. ಕೊಳೆತಿದ್ದನ್ನ ಬಿಳೀ ಭಾಗ ಕಾಣೋವರೆಗೂ ಹೆರೆದು, ಎರಡು ದಿನ ನೆರಳಲ್ಲಿ ಒಣಗಿಸಿಡು. ನೆಡೋಕೆ ಮುಂಚೆ ನಂಗೊಂದು ಫೋನ್ ಮಾಡು.