ಬಯಲು ಕಾರ್ಯಕ್ರಮಗಳ ಧ್ವನಿವರ್ಧಕಕ್ಕೆ ಮಿತಿ: ಅನುಭವ ಉಳ್ಳವರು ತಿಳಿಸಿ

ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಸಣ್ಣ ಪಟ್ಟಣದ ಪುರಸಭೆಯಲ್ಲಿ, ಬಯಲು ರಂಗಮಂದಿರದ ಆರ್ಕೆಸ್ಟ್ರಾಗಳಿಗೂ ಉತ್ಸವದ ಡಿಜೆಗಳಿಗೂ ಮಿತಿ ಹಾಕುವ ವಿಷಯ ಚರ್ಚೆಗೆ ಬಂದಿದೆ. ರಾತ್ರಿ ಒಂಬತ್ತಕ್ಕೆ ನಿಲ್ಲಿಸಬೇಕೆಂದು ಒಂದು ಗುಂಪು, ಹಬ್ಬದ ದಿನಗಳಲ್ಲಿ ಹನ್ನೆರಡರವರೆಗೆ ಬಿಡಬೇಕೆಂದು ಇನ್ನೊಂದು ಗುಂಪು ಹೇಳುತ್ತಿವೆ. ನಗರದಲ್ಲಿ ಇದನ್ನು ಕಂಡವರು ಸಲಹೆ ನೀಡಬೇಕೆಂದು ಕೋರುತ್ತೇನೆ.

ಇಂದಿರಾನಗರದ ನಿವಾಸಿ:

ಪುರಸಭೆಯ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಸಭೆಯ ಆರಂಭದಲ್ಲೇ ಬಿಡಿಸಿ ಹೇಳಿ. ಇಲ್ಲವಾದರೆ ಅರ್ಧ ಚರ್ಚೆ ಆಗದ ಮಾತಿಗೇ ಖರ್ಚಾಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರದ್ದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. ಆದ್ದರಿಂದ ಎರಡನೆಯ ಗುಂಪಿನ ಬೇಡಿಕೆಯನ್ನು ಪುರಸಭೆ ತಾನಾಗಿಯೇ ಈಡೇರಿಸಲು ಬರುವುದಿಲ್ಲ. ತನ್ನ ಮೈದಾನವನ್ನು ಬಾಡಿಗೆಗೆ ಕೊಡುವಾಗ ಷರತ್ತು ಹಾಕುವುದು ಮಾತ್ರ ಅದರ ಕೈಯಲ್ಲೇ ಇದೆ.

ಗಂಟೆಯ ಬಗ್ಗೆ ಜಗಳವಾಡುವುದಕ್ಕಿಂತ ಅಳತೆಯ ಜಾಗದ ಬಗ್ಗೆ ಗಟ್ಟಿಯಾಗಿ ಬರೆಸಿಕೊಳ್ಳಿ ಎಂಬುದು ನನ್ನ ಮುಖ್ಯ ಮಾತು. ವಸತಿ ಪ್ರದೇಶದ ಮಾನದಂಡ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಇದಕ್ಕಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದೆಂದು 2005ರ ಜುಲೈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಸುತ್ತ ಮನೆಗಳಿರುವ ಮೈದಾನದ ಬೇಲಿಯಲ್ಲಿ ಹಗಲು ಕೂಡ 65ರ ಆಚೆ ಹೋಗುವಂತಿಲ್ಲ. ನಮ್ಮ ಬಡಾವಣೆಯಲ್ಲಿ ಛಾವಣಿಯ ಮೇಲೆ ಸಂಗೀತ ಹಾಕುತ್ತಿದ್ದ ಒಂದು ಪಬ್ಬಿನವರು, ಮೂರು ಕಡೆ ಗೋಡೆ, ಮೇಲೊಂದು ಶೀಟು ಇರುವುದರಿಂದ ತಮ್ಮದು ಮುಚ್ಚಿದ ಆವರಣವೇ, ಬಯಲಿನ ನಿಯಮ ತಮಗೆ ತಗಲದು ಎಂದು ವಾದಿಸುತ್ತಿದ್ದರು. ಪೊಲೀಸರು ಬಂದಾಗ ಇಳಿಯುತ್ತಿದ್ದ ಸದ್ದು, ಅವರ ಜೀಪು ತಿರುವು ದಾಟಿದೊಡನೆ ಮತ್ತೆ ಏರುತ್ತಿತ್ತು. ಅಳೆಯಬೇಕಾದದ್ದು ಮಲಗಿದವರ ಗೋಡೆಯ ಬಳಿಯೋ ಒಳಗಿನ ಕೌಂಟರಿನ ಬಳಿಯೋ ಎಂಬುದು ಕಾಗದದಲ್ಲಿ ಇಲ್ಲದಿದ್ದರೆ, ಪ್ರತಿ ದೂರೂ ಮೊದಲಿನಿಂದ ಶುರುವಾಗುತ್ತದೆ.

ಕಲಾಸಿಪಾಳ್ಯದಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರು:

ಮೇಲಿನ ಮಾತಿಗೆ ಒಂದು ತಾಂತ್ರಿಕ ವಿಷಯ ಸೇರಿಸುತ್ತೇನೆ. ನಿಯಮದಲ್ಲಿರುವ ಡೆಸಿಬೆಲ್ ಲೆಕ್ಕ ಮನುಷ್ಯನ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು. ಅದರಲ್ಲಿ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದಿನ ತೂಕ ಕಡಿಮೆಯಾಗಿ ಬೀಳುತ್ತದೆ. ಆದರೆ ಗೋಡೆ ದಾಟಿ ಬಂದು ಕಿಟಕಿ ನಡುಗಿಸುವುದು ಬೇಸೇ. ಮೀಟರು 65 ತೋರಿಸುತ್ತಿದ್ದರೂ ಪಕ್ಕದ ಮನೆಯವರಿಗೆ ನಿದ್ದೆ ಬಾರದಿರುವುದು ಇದರಿಂದಲೇ, ಅವರು ಸುಳ್ಳು ಹೇಳುತ್ತಿರುವುದರಿಂದಲ್ಲ. ಹಾಗಾಗಿ ಬೇಸ್ ಹೊರಡಿಸುವ ಸಬ್ ವೂಫರ್ ಬಾಕ್ಸ್ ಎಷ್ಟು ಇಡಬಹುದು ಎಂಬುದನ್ನು ಷರತ್ತಿನಲ್ಲಿ ಪ್ರತ್ಯೇಕವಾಗಿ ಬರೆಸಿ.

ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ವೇದಿಕೆಯ ಎರಡು ಪಕ್ಕ ದೊಡ್ಡ ಬಾಕ್ಸ್‌ಗಳನ್ನು ಪೇರಿಸಿ ಕೊನೆಯ ಸಾಲಿಗೂ ಕೇಳಿಸಬೇಕೆಂದು ಹೊರಟರೆ ಮೊದಲ ಸಾಲಿನವರ ಕಿವಿಯೂ ಹಿಂದಿನ ಬೀದಿಯೂ ಹಾಳು. ಅದರ ಬದಲು ಸಣ್ಣ ಬಾಕ್ಸ್‌ಗಳನ್ನು ಮೈದಾನದ ಉದ್ದಕ್ಕೂ ಇಟ್ಟು, ಮನೆಗಳಿಗೆ ಬೆನ್ನಾಗುವಂತೆ ತಿರುಗಿಸಿದರೆ ಅದೇ ಹಾಡು ಅರ್ಧ ಶಕ್ತಿಯಲ್ಲೂ ಸ್ಪಷ್ಟವಾಗಿ ಕೇಳುತ್ತದೆ. ಕಾರ್ಯಕ್ರಮದ ಮಧ್ಯಾಹ್ನ ಹತ್ತಿರದ ಮನೆಯಲ್ಲಿ ಒಬ್ಬರನ್ನು ನಿಲ್ಲಿಸಿ ಪರೀಕ್ಷೆ ಮಾಡಿ, ಆಗಿನ ಮಟ್ಟಕ್ಕೆ ಲಿಮಿಟರ್ (ಸದ್ದು ಅದಕ್ಕಿಂತ ಏರದಂತೆ ತಡೆಯುವ ಸಾಧನ) ಕಟ್ಟಿಬಿಡುವುದು ನಮ್ಮ ಪದ್ಧತಿ. ಮೊಬೈಲ್ ಆ್ಯಪ್‌ನ ಅಂಕಿ ಹೋಲಿಕೆಗೆ ಸಾಕು, ದೂರಿಗೆ ಪುರಾವೆಯಾಗಿ ನಿಲ್ಲುವುದು ಕಷ್ಟ.

ಚಾಮರಾಜಪೇಟೆಯ ಉತ್ಸವ ಸಮಿತಿಯೊಂದರ ಸದಸ್ಯರು:

ಎಲ್ಲರಿಗೂ ಒಂದೇ ಮಿತಿ ಹಾಕಿದರೆ ಡಿಜೆಯ ಜೊತೆಗೆ ಹರಿಕಥೆ, ಭಜನೆಯವರೂ ಸಿಕ್ಕಿಬೀಳುತ್ತಾರೆ. ಚಲಿಸುವ ವಾಹನದ ಮೇಲಿನ ಡಿಜೆಗೂ ನಿಂತ ವೇದಿಕೆಗೂ ಬೇರೆ ಬೇರೆ ಷರತ್ತು ಇರಲಿ. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವ ದಶಕಗಳಿಂದ ನಡೆದುಬಂದಿದೆ; ಸುತ್ತ ಊರೇ ಇದ್ದರೂ ಕಛೇರಿಗೆ ಜನ ಸೇರುತ್ತಾರೆಯೇ ಹೊರತು ಅಲ್ಲಿ ಎದೆ ನಡುಗಿಸುವ ಬೇಸ್ ಯಾರಿಗೂ ಬೇಕಾಗಿಲ್ಲ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ನಮ್ಮಲ್ಲಿ ಹತ್ತು ಗಂಟೆ ಮೀರುವುದು ಹಾಡಿನಿಂದಲ್ಲ, ಸನ್ಮಾನದಿಂದ. ಶಾಲು, ಹಾರ, ಪೇಟ, ಆಮೇಲೆ ಅಧ್ಯಕ್ಷರ ಭಾಷಣ ಎಲ್ಲ ಮುಗಿಯುವಾಗ ಒಂಬತ್ತೂವರೆ, ಗಾಯಕರು ಅಲ್ಲಿಂದ ಶುರುಮಾಡುತ್ತಾರೆ. ಸನ್ಮಾನ, ಭಾಷಣಗಳ ವೇದಿಕೆ ಕಾರ್ಯಕ್ರಮವನ್ನು ಏಳಕ್ಕೇ ಮುಗಿಸುವ ಷರತ್ತಿಗೆ ನಮ್ಮ ಸಮಿತಿ ಒಪ್ಪಿದ ಮೇಲೆ ಠಾಣೆಯಿಂದ ಕರೆ ಬರುವುದು ನಿಂತಿದೆ.

ಇಂದಿರಾನಗರದ ನಿವಾಸಿ, ಮತ್ತೆ:

ಚಾಮರಾಜಪೇಟೆಯವರ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಹೊಂದುವಂತೆ, ಬಾಡಿಗೆ ಪತ್ರದಲ್ಲಿ ಸಮಿತಿಯವರ ಸಹಿಯ ಜೊತೆ ಸೌಂಡ್ ಸಿಸ್ಟಮ್ ಮಾಲೀಕರ ಸಹಿಯನ್ನೂ ಪಡೆಯಿರಿ, ಆ ರಾತ್ರಿ ಫೋನ್ ಎತ್ತಬೇಕಾದವರ ನಂಬರನ್ನು ಅಕ್ಕಪಕ್ಕದ ಮನೆಗಳಿಗೆ ಮೊದಲೇ ತಲುಪಿಸಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದಾದ್ದರಿಂದ, ನಿಮ್ಮ ರಂಗಮಂದಿರ ಹಾಗೆ ಘೋಷಿಸಿದ ವಲಯದೊಳಗೆ ಬೀಳುತ್ತದೆಯೇ ಎಂಬುದನ್ನು ಸಭೆಗೆ ಮುಂಚೆಯೇ ಅಳೆದು ನೋಡಿ. ಬಿದ್ದರೆ ಡೆಸಿಬೆಲ್ ಲೆಕ್ಕದ ಮಾತೇ ಬರುವುದಿಲ್ಲ, ಅಲ್ಲಿ ಧ್ವನಿವರ್ಧಕ ಬಳಸುವುದೇ ನಿಯಮಕ್ಕೆ ವಿರುದ್ಧ.