ಅಪ್‌ಡೇಟ್: ಷೆಫ್ ನೈಫ್ ಕೊಂಡಾಯ್ತು
ಮನೆ ಅಡುಗೆಗೆ ಜಾಸ್ತಿ ದುಡ್ಡು ಸುರಿಯದೆ ಯಾವ ಷೆಫ್ ನೈಫ್ (ಎಲ್ಲಾ ಥರ ಹೆಚ್ಚೋಕೆ ಬಳಸುವ ದೊಡ್ಡ ಅಡುಗೆ ಚಾಕು) ಕೊಳ್ಳಲಿ ಅಂತ ಕೇಳಿದ್ದೆ ಅಲ್ವಾ, ಕೊನೆಗೆ ನಿಮ್ಮಲ್ಲಿ ಸುಮಾರು ಜನ ಹೇಳಿದ ವಿಕ್ಟೋರಿನಾಕ್ಸ್ ಫೈಬ್ರಾಕ್ಸ್ 20 ಸೆಂ.ಮೀ. ಚಾಕುವನ್ನೇ ಕೊಂಡೆ. ತುಂಬಾ ಖುಷಿಯಾಗಿದೆ. ಚೆನ್ನಾಗಿ ಹಣ್ಣಾದ ಟೊಮೇಟೊ ಮೇಲೆ ಇಟ್ಟು ಸುಮ್ನೆ ಎಳೆದರೆ ಸಾಕು, ಸಿಪ್ಪೆ ಜಾರದೆ, ರಸ ಚೆಲ್ಲದೆ ತೆಳ್ಳಗೆ ಬಿಲ್ಲೆ ಬೀಳುತ್ತದೆ. ಹಿಡಿ ನೋಡೋಕೆ ಸಾದಾ ಪ್ಲಾಸ್ಟಿಕ್ ಥರ ಇದೆ, ಆದರೆ ಕೈ ಒದ್ದೆಯಾಗಿದ್ದರೂ ಜಾರುವುದಿಲ್ಲ, ನನಗೆ ಅದೇ ಮುಖ್ಯ. ಅಲಗು ಬಡಿದು ಮಾಡಿದ್ದಲ್ಲ, ಸ್ಟೀಲ್ ಹಾಳೆಯಿಂದ ಕತ್ತರಿಸಿದ್ದು. ಅದಕ್ಕೇ ಹಗುರ, ಬೆಲೆಯೂ ಕಡಿಮೆ. ಸ್ಟೀಲ್ ಸ್ವಲ್ಪ ಮೆದು, ಹಾಗಾಗಿ ಬಳಸುತ್ತಾ ಅಂಚು ಬಾಗುತ್ತದೆ, ಆದರೆ ಹೋನಿಂಗ್ ರಾಡ್ (ಚಾಕುವಿನ ಅಂಚು ನೆಟ್ಟಗೆ ಮಾಡುವ ಕೋಲು) ಮೇಲೆ ನಾಲ್ಕೈದು ಸಲ ಎಳೆದರೆ ಮತ್ತೆ ನೆಟ್ಟಗಾಗುತ್ತದೆ. ಗಾಜಿನ ಹಲಗೆ ಮೇಲೆ ಮಾತ್ರ ಹೆಚ್ಚಬೇಡಿ, ಹರಿತ ಬೇಗ ಹೋಗುತ್ತದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.