ದಿನನಿತ್ಯದ ಅಡುಗೆಗೆ ಒಂದೇ ಜಪಾನೀ ಚಾಕು: ಯಾವುದನ್ನು ಕೊಳ್ಳಲಿ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಾಲ್ಕು ಜನರಿರುವ ಮನೆ ನಮ್ಮದು. ಹುಳಿಗೆ ತರಕಾರಿ, ಪಲ್ಯಕ್ಕೆ ಹುರುಳಿಕಾಯಿ, ಭಾನುವಾರ ಮೂಳೆಯಿಲ್ಲದ ಕೋಳಿ ಎಂದು ಹೆಚ್ಚುವ ಕೆಲಸ ದಿನವೂ ಇದ್ದೇ ಇರುತ್ತದೆ. ಅಮ್ಮ ಇಂದಿಗೂ ಈಳಿಗೆಮಣೆಯ ಮೇಲೆಯೇ ಹೆಚ್ಚುತ್ತಾರೆ, ಆದರೆ ಮಂಡಿನೋವಿನಿಂದಾಗಿ ನನಗೆ ನೆಲದ ಮೇಲೆ ಕೂರಲಾಗುವುದಿಲ್ಲ. ನಿಂತು ಹೆಚ್ಚಲು ಒಳ್ಳೆಯ ಜಪಾನೀ ಚಾಕುವೊಂದನ್ನು ಕೊಳ್ಳಬೇಕೆಂದಿದ್ದೇನೆ. ಸಂತೋಕು, ಗ್ಯುತೋ, ನಕಿರಿ ಇವುಗಳಲ್ಲಿ ಯಾವುದು, ಎಷ್ಟು ಉದ್ದದ್ದು, ಯಾವ ಉಕ್ಕಿನದು ಎಂಬುದನ್ನು ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಮಂಡ್ಯ)

ನಿಮಗೆ 165 ಮಿ.ಮೀ. ಉದ್ದದ ಸಂತೋಕು ಸಾಕು. ಸಂತೋಕು ಎಂದರೆ ಮೂರು ಗುಣ. ಮಾಂಸ, ಮೀನು, ತರಕಾರಿ ಮೂರಕ್ಕೂ ಒದಗುವ ಚಾಕುವೆಂದು ಅದಕ್ಕೆ ಅರ್ಥ ಹೇಳುತ್ತಾರೆ. ಗ್ಯುತೋ ಪಾಶ್ಚಾತ್ಯ ಬಾಣಸಿಗರ ಚಾಕುವಿನ ಜಪಾನೀ ರೂಪ. ಸಾಮಾನ್ಯವಾಗಿ 210 ಮಿ.ಮೀ. ಅಥವಾ ಇನ್ನೂ ಉದ್ದವಿರುವುದರಿಂದ ಅದಕ್ಕೆ ದೊಡ್ಡ ಮಣೆಯೂ ಕೈಯಾಡುವಷ್ಟು ಜಾಗವೂ ಬೇಕು. ನಕಿರಿಯ ಅಲಗು ನೇರವಾಗಿದ್ದು ಉದ್ದಕ್ಕೂ ಮಣೆಗೆ ತಾಗುವುದರಿಂದ ಸೊಪ್ಪು, ಎಲೆಕೋಸು ಎಳೆ ಉಳಿಯದಂತೆ ತುಂಡಾಗುತ್ತವೆ. ನೀವು ಕೋಳಿಯ ಮಾತು ಎತ್ತದಿದ್ದರೆ ನಾನು ನಕಿರಿಯನ್ನೇ ಸೂಚಿಸುತ್ತಿದ್ದೆ.

ಉಕ್ಕಿನ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಶಿರೋಗಾಮಿ, ಅವೊಗಾಮಿ ಎಂಬ ಕಾರ್ಬನ್ ಉಕ್ಕುಗಳು ಬಹಳ ಹರಿತವಾಗುತ್ತವೆ, ನಿಜ. ಆದರೆ ನಮ್ಮ ಬಾಳೆಹೂವು, ಮಾವಿನಕಾಯಿ, ನಿಂಬೆಹಣ್ಣು ತಾಗಿದರೆ ಅಲಗು ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಒಗ್ಗರಣೆಯ ಗಡಿಬಿಡಿಯಲ್ಲಿ ಚಾಕುವನ್ನು ಆಗಿಂದಾಗ್ಗೆ ಒರೆಸುತ್ತಿರಲು ಆಗುವುದಿಲ್ಲವಾದ್ದರಿಂದ ವಿಜಿ-10 ಅಥವಾ ಎಯುಎಸ್-10 ಎಂಬ ಸ್ಟೇನ್‌ಲೆಸ್ ಉಕ್ಕಿನದನ್ನೇ ಆರಿಸಿಕೊಳ್ಳಿ.

ಉತ್ತರ 2 (ಸರಸ್ವತಿಪುರಂ, ಮೈಸೂರು)

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಬೇಡಿ. ವಿಜಿ-10 ಚಾಕುಗಳ ಗಡಸುತನ ರಾಕ್‌ವೆಲ್ ಮಾಪನದಲ್ಲಿ ಸುಮಾರು 60 ಇರುತ್ತದೆ. ಜರ್ಮನ್ ಚಾಕುಗಳದು ಸಾಮಾನ್ಯವಾಗಿ 56ರಿಂದ 58. ಗಡಸು ಹೆಚ್ಚಿದಷ್ಟೂ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಅಲಗು ಬಾಗುವ ಬದಲು ಮುಕ್ಕಾಗುತ್ತದೆ. ಬಲಿತ ಸಿಹಿಗುಂಬಳದಲ್ಲಿ ಸಿಕ್ಕಿಕೊಂಡ ಸಂತೋಕುವನ್ನು ನಾನು ತಿರುಚಿ ಎಳೆದಾಗ ಅಲಗು ಎರಡು ಕಡೆ ಮುಕ್ಕಾಯಿತು. ಕುಂಬಳ, ತೆಂಗಿನಕಾಯಿ, ಮೂಳೆ, ಹಲಸು ಇವೆಲ್ಲ ಈಳಿಗೆಮಣೆಗೋ ಮಚ್ಚಿಗೋ ಇರಲಿ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಹೆಚ್ಚದೆ ಮರದ ಮಣೆಯನ್ನೇ ಬಳಸಿ.

ಬೀದಿಯಲ್ಲಿ ಸಾಣೆ ಹಿಡಿಯುವವರ ಚಕ್ರಕ್ಕೆ ಈ ಚಾಕುವನ್ನು ಕೊಡಬೇಡಿ. ಕಿಡಿ ಹಾರುವಷ್ಟು ಬಿಸಿಗೆ ಅಂಚಿನ ಹದ ಕೆಡುತ್ತದೆ. 1000 ಗ್ರಿಟ್‌ನ (ಮಧ್ಯಮ ನುಣುಪಿನ) ನೀರುಗಲ್ಲಿನ, ಅಂದರೆ ನೀರು ಹಾಕಿ ಮಸೆಯುವ ಸಾಣೆಕಲ್ಲಿನ ಮೇಲೆ ಪ್ರತಿ ಬದಿಗೂ ಸುಮಾರು 15 ಡಿಗ್ರಿ ಕೋನದಲ್ಲಿ ಮಸೆಯಬೇಕು. ಅಲಗಿನ ಅಗಲ 45 ಮಿ.ಮೀ. ಇದ್ದರೆ ಅದರ ಬೆನ್ನನ್ನು ಕಲ್ಲಿನಿಂದ ಸುಮಾರು 12 ಮಿ.ಮೀ. ಎತ್ತಿ ಹಿಡಿಯಿರಿ, ಕೋನ ತಾನಾಗಿಯೇ ಸರಿಹೋಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನನ್ನ ಮಗಳು ಎಡಗೈಯವಳು. ಅವಳಿಗೂ ಇದೇ ಚಾಕು ಆಗುವುದೇ?

ಉತ್ತರ 1 (ಮಂಡ್ಯ)

ಆಗುತ್ತದೆ. ಸಂತೋಕುವನ್ನು ಸಾಮಾನ್ಯವಾಗಿ ಎರಡೂ ಬದಿ ಮಸೆದಿರುತ್ತಾರೆ. ಒಂದೇ ಬದಿ ಮಸೆದಿರುವ ಉಸುಬ, ದೇಬ, ಯಾನಗಿಬ ಚಾಕುಗಳಲ್ಲಿ ಹೆಚ್ಚಿನವು ಬಲಗೈಯವರಿಗೆಂದೇ ಆಗಿರುತ್ತವೆ. ಹಿಡಿಯನ್ನು ಮಾತ್ರ ನೋಡಿಕೊಳ್ಳಿ: ಒಂದು ಬದಿಗೆ ಉಬ್ಬಿರುವ ಹಿಡಿ ಅವಳ ಕೈಗೆ ಒಗ್ಗುವುದಿಲ್ಲ, ಎಂಟು ಮೂಲೆಯದಾದರೆ ಇಬ್ಬರಿಗೂ ಹೊಂದುತ್ತದೆ.